ಶೇಕಡಾ ಎಂಬತ್ತು ಮುಗಿದ ಬೆಂಚು

ನಮ್ಮ ನಗರಸಭೆಗೆ ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ. ಊರನ್ನೇ ಎತ್ತಿ ಅತ್ತಿಂದಿತ್ತ ಇಡುವ ತಾಕತ್ತು ಮಾತ್ರ ಒಬ್ಬನಿಗೇ ಇತ್ತು. ಅವನು ನಗರಸಭೆಯ ಬಡಗಿ. ಸಭಾಂಗಣದ ನಟ್ಟನಡುವೆ, ಗಾಜಿನ ಮುಚ್ಚಳದ ಕೆಳಗೆ, ಎರಡು ಮಂಚ ಸೇರಿಸಿದಷ್ಟು ಅಗಲಕ್ಕೆ ಇಡೀ ಊರನ್ನು ಮರದಲ್ಲಿ ಕೆತ್ತಿ ಕೂರಿಸಿದ್ದ. ಹಾಗಾಗಿ ನಾವೆಲ್ಲ ಅವನನ್ನು ಊರಪ್ಪ ಎಂದೇ ಕರೆಯುತ್ತಿದ್ದೆವು. ಜಗಳವಾದ ದಿನ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. "ಊರಿಗೆಲ್ಲ ಅಪ್ಪ, ನಮ್ಮನೆ ನಲ್ಲಿ ಸೋರೋದು ಮಾತ್ರ ಕಣ್ಣಿಗೆ ಬೀಳಲ್ಲ" ಎಂದು ಅದಕ್ಕೆ ಬಾಲ ಸೇರಿಸುತ್ತಿದ್ದಳು.

ನಾನು ಅದೇ ಸಭಾಂಗಣದ ಮೂಲೆಯಲ್ಲಿ ಕೂತು ಸಭೆಯ ನಡಾವಳಿ ಬರೆಯುವವನು. ಯಾರು ಏನು ಹೇಳಿದರೆಂದು ಬರೆಯುವುದು ನನ್ನ ಕೆಲಸ. ಹೇಳಿದ್ದು ನಿಜವೇ ಎಂದು ಕೇಳುವುದು ನನ್ನ ಕೆಲಸವಲ್ಲ. ಈ ಏರ್ಪಾಟಿನಿಂದಾಗಿ ಈ ವಯಸ್ಸಿನಲ್ಲೂ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ನಗರಸಭೆ ಐದು ವರ್ಷಕ್ಕೆಂದು ಒಂದು ದೊಡ್ಡ ಯೋಜನೆ ಮಾಡಿತ್ತು. ರಸ್ತೆ, ಚರಂಡಿ, ಉದ್ಯಾನ, ವಾಚನಾಲಯ, ಹೀಗೆ ಊರಿನ ಮುಂದಿನ ಬಾಳೆಲ್ಲ ಅದರೊಳಗಿತ್ತು. ಯೋಜನೆಯ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಅದನ್ನು ಪೂರ್ತಿ ಓದಿದವರು ನನಗಂತೂ ಇನ್ನೂ ಸಿಕ್ಕಿಲ್ಲ. ಹಾಗಾಗಿ ಊರಪ್ಪನ ಮರದ ಊರೇ ಎಲ್ಲರ ಪಾಲಿಗೆ ಯೋಜನೆಯಾಗಿತ್ತು. ಅದರ ನಿಯಮ ಮಗುವಿಗೂ ತಿಳಿಯುವಂಥದ್ದು. ಆಗಬೇಕಾದ ಕೆಲಸವೆಲ್ಲ ಬಣ್ಣವಿಲ್ಲದ ಬಿಳಿ ಮರ, ಆಗಿ ಮುಗಿದದ್ದಕ್ಕೆಲ್ಲ ಬಣ್ಣ. ಆರು ತಿಂಗಳಿಗೊಮ್ಮೆ ಪ್ರಗತಿ ಪರಿಶೀಲನೆಯ ಸಭೆ ಸೇರುತ್ತದೆ. ಅಧ್ಯಕ್ಷೆ ಹಿಂದೆ ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವರು. ಉದ್ದನೆಯ ಕೋಲು ಹಿಡಿದು ಮೇಜಿನ ಸುತ್ತ ನಡೆಯುತ್ತಾರೆ. ಬಿಳಿ ಕಂಡಲ್ಲಿ ಕೋಲು ನಿಲ್ಲುತ್ತದೆ, ಎಂಜಿನಿಯರ್ ಸಾಹೇಬರು ಎದ್ದು ಉತ್ತರ ಹೇಳಬೇಕು. ಬಣ್ಣ ಬಿದ್ದದ್ದರ ಸುದ್ದಿಯನ್ನು ಮಾತ್ರ ಯಾರೂ ಮತ್ತೆ ಎತ್ತುವುದಿಲ್ಲ, ಅದು ಮುಗಿದ ಕಥೆ.

ಬಣ್ಣದ ವಿಷಯದಲ್ಲಿ ಊರಪ್ಪ ಮಹಾ ಹಟಮಾರಿ. ಕಣ್ಣಾರೆ ಕಂಡ ಮೇಲೆಯೇ ಕುಂಚ ಎತ್ತುವವನು. ಒಮ್ಮೆ ಎಂಜಿನಿಯರು, "ಉದ್ಯಾನ ಆಯ್ತಪ್ಪ, ಮರಗಳಿಗೆಲ್ಲ ಹಸಿರು ಹಚ್ಚಿಬಿಡು" ಎಂದರು. ಇವನು ಕುಂಟುತ್ತ ಹೋಗಿ ನೋಡಿ ಬಂದು ಒಂದೇ ಒಂದು ಮರಕ್ಕೆ ಹಸಿರು ಹಚ್ಚಿದ. "ಉಳಿದವು?" ಎಂದು ಕೇಳಿದ್ದಕ್ಕೆ, "ಉಳಿದವು ಉಳಿದಿಲ್ಲ ಸಾರ್" ಎಂದ. ಎಂಜಿನಿಯರಿಗೆ ಸಿಟ್ಟು ಬಂತು, ಆದರೆ ಅವರು ಮೃದು ಮನುಷ್ಯ. ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ಅವರಿಗೇ ಮರೆತುಹೋಗಿರುತ್ತದೆ.

ಕುಂಟುತ್ತ ಎಂದೆನಲ್ಲ. ಸಭಾಂಗಣದ ಗಡಿಯಾರ ಸರಿಮಾಡಲು ಹತ್ತಿ ಏಣಿಯಿಂದ ಬಿದ್ದ ಮೇಲೆ ಊರಪ್ಪನ ಎಡಗಾಲು ಮಾತು ಕೇಳುವುದನ್ನು ಬಿಟ್ಟಿತು. ಸಪಾಟು ನೆಲದಲ್ಲಿ ಹೇಗೋ ನಡೆಯುತ್ತಾನೆ, ಮೆಟ್ಟಿಲು ಬಂದರೆ ಕಷ್ಟ. ಬಂದ ಕಷ್ಟವೂ ಸರಿಯಾದ ವಿಳಾಸಕ್ಕೇ ಬಂದಿತ್ತು. ಏಕೆಂದರೆ ಅವನ ಮನೆ ಇದ್ದದ್ದು ಮೆಟ್ಟಿಲು ಬೀದಿಯ ಬುಡದಲ್ಲಿ, ಅವನ ಅಕ್ಕನ ಮನೆ ಅದೇ ಬೀದಿಯ ತುದಿಯಲ್ಲಿ. ಗುಡ್ಡದ ಮೈಗೆ ಅಂಟಿಕೊಂಡ ಆ ಬೀದಿಯಲ್ಲಿ ಗಾಡಿ ಹೋಗುವುದಿಲ್ಲ, ಸೈಕಲ್ಲೂ ಹೋಗುವುದಿಲ್ಲ. ಎರಡು ಕಡೆ ಮನೆಗಳು, ನಡುವೆ ಮೆಟ್ಟಿಲೋ ಮೆಟ್ಟಿಲು.

ತಾಯಿ ಬೇಗ ತೀರಿಕೊಂಡಿದ್ದರಿಂದ ಊರಪ್ಪನನ್ನು ಸಾಕಿದ್ದು ಅಕ್ಕ. ಸೊಂಟದ ಮೇಲೆ ಕೂರಿಸಿಕೊಂಡು ಅದೇ ಮೆಟ್ಟಿಲು ಹತ್ತಿ ಇಳಿದವಳು. ಈಗ ಅವಳ ಎರಡೂ ಮಂಡಿಗಳು ಹೋಗಿವೆ. ಮೇಲೆ ಮಗಳು ಅಳಿಯನ ಜೊತೆ ಚೆನ್ನಾಗಿಯೇ ಇದ್ದಾಳೆ, ಊಟಕ್ಕೆ ಮಾತಿಗೆ ಏನೂ ಕೊರತೆಯಿಲ್ಲ. ಆದರೆ ಇವನಿಗೆ ಹತ್ತಲಾಗದು, ಅವಳಿಗೆ ಇಳಿಯಲಾಗದು. ಹೀಗೆ ಒಂದೇ ಬೀದಿಯಲ್ಲಿದ್ದೂ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಕಳೆದಿದ್ದವು. ದಿನಾ ಸಂಜೆ ಫೋನಿನಲ್ಲಿ ಮಾತು. ಮಾತು ಎಂದರೆ ಅಕ್ಕ ಬೈಯುವುದು, ಇವನು ಬೈಸಿಕೊಳ್ಳುವುದು. ಸ್ವೆಟರ್ ಹಾಕಿಕೊಂಡಿಲ್ಲ ಎಂದು, ಡಾಕ್ಟರಿಗೆ ಹಲ್ಲು ತೋರಿಸಿಲ್ಲ ಎಂದು, ಹೆಂಡತಿಯ ಮಾತು ಕೇಳುವುದಿಲ್ಲ ಎಂದು ಬೈಗುಳ. ಮಗಳು ಮುಖ ಕಾಣುವ ಫೋನು ತಂದುಕೊಟ್ಟರೆ ಅಕ್ಕ ಮುಟ್ಟಲಿಲ್ಲ. "ಪೆಟ್ಟಿಗೆಯೊಳಗೆ ಇಟ್ಟ ತಲೆ ಜೊತೆ ನಾನು ಮಾತಾಡಲ್ಲ" ಎಂದುಬಿಟ್ಟಳು.

ಹೊತ್ತು ತರುತ್ತೇವೆಂದು ಬೀದಿಯ ಗಂಡಸರು ಮುಂದೆ ಬಂದದ್ದೂ ಉಂಟು. "ನಾಲ್ಕು ಜನ ಹೊರೋ ದಿನ ಹೇಗಿದ್ದರೂ ಬರುತ್ತಲ್ಲಪ್ಪ, ಈಗ್ಲೇ ಏನವಸರ?" ಎಂದು ಅವರನ್ನು ವಾಪಸು ಕಳಿಸಿದಳು.

ಉಳಿದದ್ದು ಒಂದೇ ಉಪಾಯ. ಅರ್ಧ ಬೀದಿಯನ್ನು ಇವನು ಹತ್ತಬಲ್ಲ, ಉಳಿದರ್ಧವನ್ನು ಅವಳು ಇಳಿಯಬಲ್ಲಳು. ಆದರೆ ನಡುವೆ ದಣಿವಾರಿಸಿಕೊಳ್ಳದೆ ವಾಪಸು ಹೋಗುವ ಶಕ್ತಿ ಇಬ್ಬರಿಗೂ ಇಲ್ಲ. ಮೆಟ್ಟಿಲ ಮೇಲೆಯೇ ಕೂರೋಣವೆಂದರೆ ಅಕ್ಕನ ಮಂಡಿ ಕೂತರೆ ಏಳುವುದಿಲ್ಲ. ಅಕ್ಕ ಒಮ್ಮೆ ಹಾಗೆ ಕೂತಾಗ, ಹಾಲಿನವನೂ ಮೀಟರ್ ಓದುವವನೂ ಸೇರಿ ಅವಳನ್ನು ಎತ್ತಬೇಕಾಗಿ ಬಂತು. ಆ ಅವಮಾನಕ್ಕೆ ಅಕ್ಕ ಹಾಲಿನವನನ್ನೇ ಬದಲಾಯಿಸಿದಳು. ಬೇಕಾದದ್ದು ಎತ್ತರದ, ಕೈಯೂರಿ ಏಳಲು ಹಿಡಿ ಇರುವ ಒಂದು ಬೆಂಚು, ಅಷ್ಟೇ.

ಬಡಗಿಗೆ ಬೆಂಚಿನ ಬರವೇ? ಊರಪ್ಪ ಒಂದು ಗಟ್ಟಿ ಬೆಂಚು ಮಾಡಿ ಬೀದಿಯ ನಡುವಿನ ತಿರುವಿನಲ್ಲಿ ಇಡಿಸಿದ. ಅಕ್ಕ ಮಾರನೆಯ ದಿನ ಇಳಿಯುವುದೆಂದು ಮಾತಾಯಿತು. ಆದರೆ ಬೆಳಗಾಗುತ್ತಲೇ ಒತ್ತುವರಿ ತೆರವು ದಳದವರು ಬಂದು, ಸಾರ್ವಜನಿಕ ದಾರಿಗೆ ಅಡ್ಡಿಯೆಂದು ಅದನ್ನು ಎತ್ತಿಕೊಂಡು ಹೋದರು. ನಮ್ಮದೇ ನಗರಸಭೆಯ ದಳ. ದಾರಿಯಲ್ಲಿ ಊರಪ್ಪ ಸಿಕ್ಕಿದ್ದಕ್ಕೆ ಅವನಿಗೆ ನಮಸ್ಕಾರವನ್ನೂ ಹೇಳಿ ಹೋದರಂತೆ. ಅರ್ಜಿ ಕೊಟ್ಟ. ಯೋಜನೆಯಲ್ಲಿ ಇಲ್ಲದ ಬೆಂಚನ್ನು ನಗರಸಭೆ ಹಾಕುವಂತಿಲ್ಲ ಎಂದು ಉತ್ತರ ಬಂತು. ಅಂದು ಸಂಜೆ ಅಕ್ಕ ಫೋನಿನಲ್ಲಿ ಬೈಯಲೇ ಇಲ್ಲವಂತೆ. "ಹೋಗ್ಲಿ ಬಿಡೋ" ಎಂದಳಂತೆ, ಅಷ್ಟೇ.

ಅದು ಊರಪ್ಪನನ್ನು ಕೊಂದುಹಾಕಿತು. ಮಾರನೆಯ ದಿನ ಅವನು ಚೂರು ಮರ ಕೆತ್ತಿ, ಅಕ್ಕಿಕಾಳಿನಷ್ಟು ದೊಡ್ಡ ಬೆಂಚೊಂದನ್ನು ಮಾಡಿ, ಚಿಮಟದಿಂದ ಎತ್ತಿ ಮರದ ಊರಿನ ಮೆಟ್ಟಿಲು ಬೀದಿಯ ತಿರುವಿನಲ್ಲಿ ಅಂಟಿಸಿದ. ಯಾರಿಗೂ ಮೋಸ ಮಾಡಬೇಕೆಂದಲ್ಲ. ನಿಜದ ಊರಿನಲ್ಲಿ ಜಾಗ ಸಿಗದ ದುಃಖಕ್ಕೆ ಸುಳ್ಳು ಊರಿನಲ್ಲಿ ಜಾಗ ಕೊಟ್ಟ. ಬಣ್ಣ ಹಚ್ಚಲಿಲ್ಲ, ಅವನ ನಿಯಮ ಅವನಿಗೆ.

ಮುಂದಿನ ಪರಿಶೀಲನೆಯಲ್ಲಿ ಕಿಟಕಿ ಪಕ್ಕ ಕೂರುವ ಸದಸ್ಯರೊಬ್ಬರಿಗೆ ಅದು ಕಾಣಿಸಿತು. ಅವರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಕಾಣುತ್ತದೆ ಎಂಬ ಸಂತೋಷಕ್ಕೆ ಅವರು ಎಲ್ಲವನ್ನೂ ನೋಡುತ್ತಿದ್ದರು.

"ಮೇಡಂ, ಮೆಟ್ಟಿಲು ಬೀದೀಲಿ ಒಂದು ಬೆಂಚಿದೆ. ಇನ್ನೂ ಬಿಳೀನೇ ಇದೆ. ವಯಸ್ಸಾದವರು ಓಡಾಡೋ ಜಾಗ ಅದು. ಏನಾಯ್ತು ಆ ಕೆಲಸ?"

ಕೋಲು ಬಂದು ಬೆಂಚಿನ ಮೇಲೆ ನಿಂತಿತು. ಎಂಜಿನಿಯರು ಎದ್ದರು. ನಮ್ಮಲ್ಲಿ ಪ್ರಗತಿ ಪರಿಶೀಲನೆಯಲ್ಲಿ 'ಗೊತ್ತಿಲ್ಲ' ಎಂದವರು ಇದುವರೆಗೆ ಹುಟ್ಟಿಲ್ಲ. ಅವರು ಕಾಗದ ಮಗುಚಿದರು, ಕನ್ನಡಕ ಒರೆಸಿದರು, ಬಳಿಕ ಗಂಟಲು ಸರಿಮಾಡಿಕೊಂಡರು.

"ಪ್ರಗತಿಯಲ್ಲಿದೆ ಮೇಡಂ."

"ಎಷ್ಟಾಗಿದೆ?"

"ಶೇಕಡಾ ನಲವತ್ತು."

ನಾನು ಬರೆದುಕೊಂಡೆ.

ಸಭೆ ಮುಗಿದ ಮೇಲೆ ಊರಪ್ಪ ನನ್ನ ಮೇಜಿನ ಹತ್ತಿರ ಬಂದು ನಡೆದದ್ದನ್ನೆಲ್ಲ ಹೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಸುಸ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ. "ಅಲ್ಲ ಕಣಯ್ಯ, ಒಂದು ವೇಳೆ ನಿಜವಾಗ್ಲೂ ಶುರು ಮಾಡಿದ್ರೆ?"

"ಹುಚ್ಚಾ ನಿಂಗೆ?"

ಹುಚ್ಚೇ. ಅಂದಿನಿಂದ ಅವನು ದಿನಾ ಕೆಲಸ ಬಿಟ್ಟ ಮೇಲೆ ಬೀದಿಯ ಬುಡದಲ್ಲಿ ನಿಂತು ಕತ್ತೆತ್ತಿ ತಿರುವಿನ ಕಡೆ ನೋಡಲು ಶುರುಮಾಡಿದ. ಶೇಕಡಾ ನಲವತ್ತು ಎಂದರೆ ಕನಿಷ್ಠ ಎರಡು ಕಾಲಾದರೂ ಬಂದಿರಬೇಕಲ್ಲ ಎಂದು ಅವನ ಲೆಕ್ಕ. ಆರು ತಿಂಗಳ ಬಳಿಕ ಎಂಜಿನಿಯರು ಅರವತ್ತು ಎಂದರು. ಊರಪ್ಪ ಅಕ್ಕನಿಗೆ ಹೇಳಿಯೂಬಿಟ್ಟ. ಅಕ್ಕ ಎಲ್ಲರಿಗೂ ಹೇಳಿದಳು. "ಸರ್ಕಾರದ ಕೆಲಸ, ನಿಧಾನ ಆಗತ್ತೆ, ಆದ್ರೆ ಗಟ್ಟಿಯಾಗಿರತ್ತೆ" ಎಂದು ಮಗಳಿಗೆ ಬುದ್ಧಿ ಹೇಳಿ, ಮನೆಯೊಳಗೇ ಗೋಡೆ ಹಿಡಿದುಕೊಂಡು ನಡೆದು ಕಾಲು ಸಡಿಲ ಮಾಡಿಕೊಳ್ಳಲು ಹತ್ತಿದಳಂತೆ. ಆ ಸುದ್ದಿ ಕೇಳಿದ ದಿನ ನನಗೆ ನಗು ಬರಲಿಲ್ಲ.

ಮತ್ತಾರು ತಿಂಗಳಿಗೆ ಬೆಂಚು ಎಂಬತ್ತಾಯಿತು. ತಿರುವಿನಲ್ಲಿ ಮಾತ್ರ ಹಿಂದಿನಂತೆಯೇ ಗಾಳಿ ಬೀಸುತ್ತಿತ್ತು.

ಎಂಜಿನಿಯರನ್ನು ಕೆಟ್ಟವರೆಂದು ತಿಳಿಯಬೇಡಿ. ಕೆಳಗಿನವರು ಯಾರೋ ಮಾಡುತ್ತಿದ್ದಾರೆಂದು ಅವರು ನಂಬಿದ್ದರು. ಮೇಲಿನವರು ಯಾರೋ ನೋಡಿಕೊಳ್ಳುತ್ತಾರೆಂದು ಕೆಳಗಿನವರು ನಂಬಿದ್ದರು. ಇಷ್ಟೊಂದು ನಂಬಿಕೆಯಿರುವ ಕಚೇರಿ ಬೇರೆಲ್ಲೂ ಇರಲಾರದು.

ಐದು ವರ್ಷದ ಕೊನೆಯ ಪರಿಶೀಲನೆ ಬಂತು. ಸಭೆಯ ಹಿಂದಿನ ಮಧ್ಯಾಹ್ನ ಎಂಜಿನಿಯರು ಬಡಗಿಯ ಕೋಣೆಗೇ ಬಂದರು. ಪಾಪ, ಮುಖ ಬಾಡಿತ್ತು.

"ಊರಪ್ಪ, ನಾಳೆ ಎಲ್ಲ ನೂರು ಅಂತ ತೋರಿಸ್ಬೇಕು. ಆ ಬೆಂಚಿಗೆ ಒಂಚೂರು ಬಣ್ಣ ತಾಗಿಸಿಬಿಡು."

"ನಾನಿನ್ನೂ ಬೆಂಚು ನೋಡಿಲ್ಲ ಸಾರ್."

"ಎಂಬತ್ತಾಗಿದೆ ಅಂತ ನಡಾವಳೀಲೇ ಇದೆ. ಇನ್ನಿಪ್ಪತ್ತಕ್ಕೆ ಏನು ನೋಡ್ತೀಯ? ನಿಂಗೆ ಕೈ ಮುಗೀತೀನಿ ಕಣಪ್ಪ."

ಅವರು ಹೋದ ಮೇಲೆ ಊರಪ್ಪ ಕುಂಚ ಹಿಡಿದುಕೊಂಡು ಸುಮ್ಮನೆ ಕೂತ. ಅತ್ತ ದರಿ, ಇತ್ತ ಪುಲಿ. ಬಣ್ಣ ಹಚ್ಚಿದರೆ ಬೆಂಚು ಮುಗಿದ ಕಥೆ. ಇನ್ನು ಮೇಲೆ ಯಾವ ಅರ್ಜಿ ಕೊಟ್ಟರೂ 'ಅಲ್ಲಿ ಈಗಾಗಲೇ ಬೆಂಚಿದೆ' ಎಂಬ ಉತ್ತರ ಬರುತ್ತದೆ, ಅಕ್ಕ ಇನ್ನೆಂದೂ ಇಳಿಯುವುದಿಲ್ಲ. ಹಚ್ಚದೆ ನಿಜ ಹೇಳಿದರೆ ಚಿಮಟದಿಂದ ಬೆಂಚನ್ನು ಕೀಳಿಸುತ್ತಾರೆ, ಅದರ ಹಿಂದೆಯೇ ಇವನನ್ನೂ ಕೀಳಬಹುದು. ನಾನು ಸ್ನೇಹಿತನಾಗಿ, "ಹಚ್ಚಿಬಿಡು ಮಾರಾಯ, ನಾಲ್ಕು ದಿನ ನೌಕರಿ ಉಳಿದಿದೆ, ಯಾಕೆ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯ" ಎಂದೆ. ನನ್ನ ಬುದ್ಧಿ ಯಾವಾಗಲೂ ಕುರ್ಚಿಯ ಆಸುಪಾಸಿನಲ್ಲೇ ಸುತ್ತುತ್ತದೆ.

ಸಂಜೆ ಅವನು ನನ್ನೆದುರಿಗೇ ಅಕ್ಕನಿಗೆ ಫೋನು ಮಾಡಿದ. ಬೆಂಚು ಯಾವತ್ತೂ ಇರಲಿಲ್ಲ, ತಾನೇ ಅಂಟಿಸಿದ್ದು, ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಅಕ್ಕನ ದನಿ ನನಗೂ ಕೇಳಿಸುವಷ್ಟು ಜೋರಾಗಿ ಬಂತು.

"ನೀನು ಬಣ್ಣ ಹಚ್ಚೋ ಬೆಂಚಿನ ಮೇಲೆ ಇರುವೆ ಕೂರತ್ತೆ ಕಣೋ, ನಾನಲ್ಲ. ಹೋಗಿ ನಿಜ ಹೇಳು. ಸ್ವೆಟರ್ ಹಾಕ್ಕೊಂಡು ಹೋಗು."

ಮಾರನೆಯ ದಿನ ಸಭಾಂಗಣ ತುಂಬಿತ್ತು. ಎಂಜಿನಿಯರು ಓದುತ್ತ ಹೋದರು. ಚರಂಡಿ ಪೂರ್ಣ, ವಾಚನಾಲಯ ಪೂರ್ಣ, ಮೆಟ್ಟಿಲು ಬೀದಿಯ ಬೆಂಚು ಪೂರ್ಣ. ಅಧ್ಯಕ್ಷೆಯ ಕೋಲು ತಿರುವಿನಲ್ಲಿ ನಿಂತಿತು.

"ಪೂರ್ಣ ಆಗಿದ್ರೆ ಇದ್ಯಾಕೆ ಬಿಳಿ?"

ಎಂಜಿನಿಯರು ಊರಪ್ಪನನ್ನು ನೋಡಿದರು. ಊರಪ್ಪ ಸ್ವೆಟರಿನಲ್ಲಿ ಬೆವರುತ್ತ ಮುಂದೆ ಬಂದ.

"ಆ ಬೆಂಚು ಯೋಜನೇಲಿ ಇಲ್ಲ ಮೇಡಂ. ನಮ್ಮಕ್ಕನಿಗೆ ಅಂತ ನಾನೇ ಅಂಟಿಸಿದ್ದು. ತಪ್ಪು ನಂದು."

ಅಧ್ಯಕ್ಷೆ ಹೆಡ್‌ಮಿಸ್ ಆಗಿದ್ದಾಗಿನ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ, ಎಂಜಿನಿಯರನ್ನು ಕೇಳಿದರು.

"ಹಾಗಾದ್ರೆ ಹೋದ ಸಲ ಎಂಬತ್ತು ಮುಗಿದಿದೆ ಅಂದ್ರಲ್ಲ. ಮುಗಿದದ್ದು ಏನು?"

"ಸಿದ್ಧತೆ ಮೇಡಂ."

"ಉಳಿದ ಇಪ್ಪತ್ತು?"

ಎಂಜಿನಿಯರು ನೆಲ ನೋಡಿದರು. "ಬೆಂಚು."

ಯಾರೋ ಕಿಸಕ್ಕನೆ ನಕ್ಕರು. ಕಿಟಕಿ ಪಕ್ಕದ ಸದಸ್ಯರು ಎದ್ದರು. ಇವರು ಬೆಂಕಿ ಕಾರುತ್ತಾರೆಂದು ನಾನು ಪೆನ್ನು ಸಿದ್ಧಮಾಡಿಕೊಂಡೆ. ಆದರೆ ಅವರು ಕೆಮ್ಮಿ ಮತ್ತೆ ಕೂತರು. ತಮ್ಮ ಹೋರಾಟದಿಂದಲೇ ಮೆಟ್ಟಿಲು ಬೀದಿಗೆ ಬೆಂಚು ಬರುತ್ತಿದೆಯೆಂದು ಅವರು ವಾರ್ಡಿನಲ್ಲೆಲ್ಲ ಭಾಷಣ ಮಾಡಿಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುತ್ತಾರಲ್ಲ, ಆ ದಿನ ಸಭಾಂಗಣದಲ್ಲಿ ಎಲ್ಲರ ಕೈಯೂ ಹೆಗಲ ಕಡೆಗೇ ಹೊರಟಿತ್ತು. ಅಧ್ಯಕ್ಷೆಯದೂ. ವಾರ್ಷಿಕ ಭಾಷಣದಲ್ಲಿ 'ಹಿರಿಯರಿಗೆ ಆಸನ' ಎಂದು ಹೇಳಿ ಅವರೇ ಗಿಟ್ಟಿಸಿಕೊಂಡ ಚಪ್ಪಾಳೆಯನ್ನು ನಾನೇ ಬರೆದಿದ್ದೆ.

ಅವರು ನನ್ನ ಕಡೆ ತಿರುಗಿದರು. "ಇದನ್ನ ನಡಾವಳಿಯಿಂದ ತೆಗೀಬಹುದಾ?"

"ತೆಗೀಬಹುದು ಮೇಡಂ. ಇಲ್ಲದ ಬೆಂಚನ್ನ ಮೂರು ಸಲ ಪರಿಶೀಲಿಸಿದ್ವಿ ಅಂತ ಒಂದು ನಿರ್ಣಯ ಮಾಡ್ಬೇಕು. ಎಲ್ಲರ ಸಹಿ ಬೇಕು."

ಸಹಿ ಎಂದ ಕೂಡಲೇ ಎಲ್ಲರೂ ಚಾವಣಿ ನೋಡತೊಡಗಿದರು. ಅಧ್ಯಕ್ಷೆ ಕೋಲನ್ನು ಮೇಜಿಗೆ ಒರಗಿಸಿ ಒಂದು ಕ್ಷಣ ಯೋಚಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬರ್ಕೊಳ್ಳಿ. ಬೆಂಚಿನ ಬಾಕಿ ಶೇಕಡಾ ಇಪ್ಪತ್ತು ಕೆಲಸವನ್ನ ಈ ವಾರದಲ್ಲಿ ಮುಗಿಸತಕ್ಕದ್ದು." ಬಳಿಕ ಊರಪ್ಪನ ಕಡೆ ತಿರುಗಿದರು. "ನಿಮ್ಮನ್ನ ಸುಮ್ನೆ ಬಿಡಲ್ಲ. ಅಪ್ಪಣೆಯಿಲ್ಲದೆ ಊರಿಗೆ ಬೆಂಚು ಸೇರಿಸಿದ್ದಕ್ಕೆ ಲಿಖಿತ ಸಮಜಾಯಿಷಿ ಕೊಡಿ. ಬೆಂಚು ಎಷ್ಟೆತ್ತರ ಇರ್ಬೇಕು, ಹಿಡಿ ಎಲ್ಲಿರ್ಬೇಕು ಅಂತಾನೂ ಅದರಲ್ಲೇ ಬರೀರಿ."

ಬೆಂಚು ಬಂತು. ಸಿಮೆಂಟಿನ ಕಾಲು, ಮರದ ಹಲಗೆ, ಎರಡು ಕಡೆ ಕಬ್ಬಿಣದ ಹಿಡಿ. ಎಂಜಿನಿಯರು ಖುದ್ದು ನಿಂತು ಹಾಕಿಸಿದರು, ಕೂತು ಎದ್ದು ಕೂತು ಎದ್ದು ಪರೀಕ್ಷೆ ಮಾಡಿದರು. ಅವರ ನೌಕರಿಯಲ್ಲಿ ಅವರು ಕಣ್ಣಾರೆ ನೋಡಿದ ಮೊದಲ ಶೇಕಡಾ ನೂರು ಅದೇ ಇರಬೇಕು.

ಭಾನುವಾರ ಬೆಳಗ್ಗೆ ಊರಪ್ಪ ಹೊರಟ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನಾನು. ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದ, ಉಸಿರಿನ ನಡುವೆ ನನ್ನನ್ನೇ "ಬೇಗ ಬಾರಯ್ಯ" ಎಂದು ಗದರುತ್ತಿದ್ದ. ತಿರುವಿಗೆ ಬಂದಾಗ ಅಕ್ಕ ಆಗಲೇ ಕೂತಿದ್ದಳು. ಮಗಳು ಅವಳ ಬೆನ್ನ ಹಿಂದೆ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಊರಪ್ಪ ಹಿಡಿ ಹಿಡಿದುಕೊಂಡು ಪಕ್ಕದಲ್ಲಿ ಕುಸಿದು ಕೂತ. ಇವತ್ತು ಎಷ್ಟು ಬೈಗುಳ ಕಾದಿದೆಯೋ ಎಂದು ನಾನು ಅಕ್ಕನ ಬಾಯಿಯನ್ನೇ ನೋಡುತ್ತಿದ್ದೆ. ಆ ಬಾಯಿಯ ಪ್ರತಾಪ ಫೋನಿನಲ್ಲಿ ಅಷ್ಟು ಕೇಳಿದ್ದೆನಲ್ಲ.

ಅಕ್ಕ ಬೈಯಲಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನರೆತ ಗಡ್ಡದ ಮೇಲೆ, ಒಳಹೋದ ಕೆನ್ನೆಯ ಮೇಲೆ, ಕೂದಲಿಲ್ಲದ ನೆತ್ತಿಯ ಮೇಲೆ ಬೆರಳಾಡಿಸಿದಳು.

"ನೀನ್ಯಾವಾಗೋ ಇಷ್ಟು ಮುದುಕ ಆದೆ?" ಎಂದಳು. "ಇಷ್ಟು ವರ್ಷ ಫೋನಲ್ಲಿ ನಾನು ಬೈತಿದ್ದದ್ದು ಆ ಹುಡುಗನ್ನ ಕಣೋ. ಈ ಮುದುಕನ್ನ ಹೇಗೆ ಬೈಯ್ಲೋ?"

ಮಗಳು ಬೀಸುವುದನ್ನು ನಿಲ್ಲಿಸಿ ಅತ್ತ ತಿರುಗಿದಳು. ಊರಪ್ಪ ಅಕ್ಕನ ಕೈಯೊಳಗೆ ಮುಖವನ್ನು ಹಾಗೇ ಇಟ್ಟುಕೊಂಡಿದ್ದ, ಅವಳ ಬೆರಳ ಸಂದಿಯಲ್ಲಿ ಅವನ ಕಣ್ಣೀರು ಇಳಿಯುತ್ತಿತ್ತು.

"ಬೈಯೇ ಅಕ್ಕ," ಎಂದ. "ಅದಕ್ಕೇ ಹತ್ತಿ ಬಂದಿದ್ದೀನಿ."